ಭವ್ಯವೆಂಬ ಮಾತು

‘ಭವ್ಯ’ ಎಂಬ ಮಾತು ಕಿವಿಗೆ ಬೀಳದೆ ನಮ್ಮ ಪಟ್ಟಣಗಳಲ್ಲಿ ಒಂದು ದಿನ ಕಳೆಯುವುದು ದುರ್ಲಭ. ಊರಿಗೆ ಬಂದ ಮುಖಂಡರಿಗೆ ಭವ್ಯ ಸ್ವಾಗತ. ಗಣಪತಿಯನ್ನು ನೀರಿಗೆ ಬಿಡುವಾಗ ಭವ್ಯ ಮೆರವಣಿಗೆ. ಮದುವೆಗೆ ಭವ್ಯ ಮಂಟಪ. ಸೀರೆಯಂಗಡಿಯೊಂದು ಬಾಗಿಲು ತೆರೆದರೆ ಅದು ಭವ್ಯ ಪ್ರಾರಂಭ. ಹಾಗೆಂದು ಈ ಮಾತನ್ನು ನಾವು ಅಂಗಡಿಬೀದಿಗೆ ಮಾತ್ರ ಬಿಟ್ಟುಕೊಟ್ಟಿಲ್ಲ. ಹಿಮಾಲಯವನ್ನು ಕಂಡು ಬಂದವರು ಅದು ಭವ್ಯವೆನ್ನುತ್ತಾರೆ. ಗೊಮ್ಮಟನ ಮೂರ್ತಿ ಭವ್ಯ. ಗೀತೆಯ ವಿಶ್ವರೂಪದರ್ಶನ ಭವ್ಯ. ಹಿಮಾಲಯಕ್ಕೂ ಸೀರೆಯಂಗಡಿಗೂ ಸಮಾನವಾಗಿ ಸಲ್ಲುವ ಗುಣ ಯಾವುದಿರಬಹುದು? ಈ ಮಾತು ಎಲ್ಲಿಂದ ಬಂದಿತು, ಏನೇನು ಅರ್ಥಗಳನ್ನು ಹೊತ್ತು ಬಂದಿತು, ಅವುಗಳಲ್ಲಿ ಯಾವುದನ್ನು ನಾವು ದಾರಿಯಲ್ಲಿ ಬಿಟ್ಟುಬಂದೆವು ಎಂಬುದನ್ನು ಇಂದಿನ ಭಾಷಣದಲ್ಲಿ ಶ್ರೋತೃಗಳ ಮುಂದಿಡಬೇಕೆಂದು ಉದ್ದೇಶಿಸಿದ್ದೇವೆ.

ಇದಕ್ಕೆ ಕಾರಣವಾದದ್ದು ನಮ್ಮದೇ ಒಂದು ತಪ್ಪು. ನಾವು ಕಾಲೇಜಿನಲ್ಲಿ ಇಂಗ್ಲಿಷ್ ಕಾವ್ಯವನ್ನು ಪಾಠ ಹೇಳುವವರು. ಅಲ್ಲಿ ‘ಸಬ್ಲೈಮ್’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಬಂದಾಗಲೆಲ್ಲ ಹಲಗೆಯ ಮೇಲೆ ‘ಭವ್ಯ’ ಎಂದು ಬರೆದು ಮುಂದಿನ ಪಂಕ್ತಿಗೆ ಹೋಗುವುದು ಬಹುಕಾಲ ನಮ್ಮ ವಾಡಿಕೆಯಾಗಿತ್ತು. ವಿದ್ಯಾರ್ಥಿಗಳೂ ಅದನ್ನು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಹಿಂದಿರುಗಿಸುತ್ತಿದ್ದರು. ಹೀಗೆ ವ್ಯವಹಾರವು ಸುಗಮವಾಗಿ ನಡೆದಿತ್ತು. ಆ ತಪ್ಪು ಬಯಲಾದದ್ದು ಹೇಗೆಂಬುದನ್ನು ಮುಂದೆ ಹೇಳುತ್ತೇವೆ. ಮೊದಲು ಆ ಇಂಗ್ಲಿಷ್ ಮಾತಿನಿಂದ ಸೂಚಿತವಾಗುವ ಅನುಭವ ಯಾವುದೆಂಬುದನ್ನು ನೋಡೋಣ.

ಬೇಸಗೆಯ ಒಂದು ಸಂಜೆ ಶ್ರೀರಂಗಪಟ್ಟಣದ ಬಳಿ ಕಾವೇರಿಯ ದಡದಲ್ಲಿ ಕುಳಿತಿದ್ದೇವೆಂದು ಭಾವಿಸೋಣ. ನೀರು ತಿಳಿಯಾಗಿದೆ, ಬಂಡೆಗಳ ನಡುವೆ ಮೆಲ್ಲಗೆ ಹರಿಯುತ್ತಿದೆ, ದಡದ ಮರಗಳ ನೆರಳು ಅದರಲ್ಲಿ ಅಲುಗಾಡುತ್ತಿದೆ. ಮನಸ್ಸು ಹಗುರಾಗುವುದು. ಇದು ಸುಂದರವೆನ್ನುವೆವು. ಇನ್ನು ಮಳೆಗಾಲ ಬಲಿತ ಮೇಲೆ, ಹೊಳೆ ತುಂಬಿದಾಗ, ಜೋಗದ ಕೊಳ್ಳದ ಅಂಚಿನಲ್ಲಿ ನಿಂತಿದ್ದೇವೆಂದು ಭಾವಿಸೋಣ. ಶರಾವತಿಯು ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ ಸುಮಾರು 830 ಅಡಿಗಳ ಆಳಕ್ಕೆ ಧುಮುಕುತ್ತಿದೆ. ತಳವು ಕಾಣದು, ಅಲ್ಲಿಂದ ಎದ್ದ ಮಂಜು ಮುಖಕ್ಕೆ ಬಡಿಯುತ್ತದೆ, ಪಕ್ಕದವರಾಡಿದ ಮಾತು ಕೇಳಿಸದು. ಕಾಲು ತಾನಾಗಿ ಒಂದು ಹೆಜ್ಜೆ ಹಿಂದಕ್ಕೆ ಸರಿಯುವುದು, ಕಣ್ಣು ಮಾತ್ರ ಅಲ್ಲಿಂದ ಕೀಳಲಾಗದು. ಹೆದರಿಕೆಯೊಂದು ಉಂಟು; ಅದರೊಳಗೆ ಹೇಳಲು ಬಾರದ ಸಂತೋಷವೊಂದು ಉಂಟು. ಇದನ್ನೂ ಬರಿಯ ಸುಂದರವೆಂದರೆ ಏನನ್ನೋ ಬಿಟ್ಟುಹೇಳಿದಂತಾಗುವುದು. ಈ ಬಿಟ್ಟುಹೋಗುವ ಅಂಶಕ್ಕೆ ಹೆಸರಿಡಲು ಪಾಶ್ಚಾತ್ಯರು ಬಹುಕಾಲದಿಂದ ಪ್ರಯತ್ನಪಟ್ಟಿದ್ದಾರೆ.

ಅವರಲ್ಲಿ ಮೊದಲಿಗನೆಂದು ಹೇಳಬೇಕಾದವನು ಲಾಂಜೈನಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಗ್ರೀಕ್ ವಿಮರ್ಶಕ. ಕ್ರಿಸ್ತಶಕದ ಮೊದಲ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸುವ ಅವನ ಪ್ರಬಂಧದಲ್ಲಿ ಈ ಗುಣಕ್ಕೆ ‘ಹುಪ್ಸೊಸ್’ ಎಂದು ಹೆಸರು. ಅದರ ನೇರವಾದ ಅರ್ಥ ಎತ್ತರ. ಅವನು ಹೇಳುತ್ತಿದ್ದುದು ಬೆಟ್ಟದ ಎತ್ತರವನ್ನಲ್ಲ, ಮಾತಿನ ಎತ್ತರವನ್ನು. ಒಳ್ಳೆಯ ಭಾಷಣವು ಕೇಳುವವನನ್ನು ಒಪ್ಪಿಸುತ್ತದೆ. ಎತ್ತರದ ಮಾತು ಅವನ ಒಪ್ಪಿಗೆಗೆ ಕಾಯದೆ ಅವನನ್ನು ಸೆಳೆದೊಯ್ಯುತ್ತದೆ ಎಂಬುದು ಅವನ ಅಭಿಪ್ರಾಯದ ಸಾರಾಂಶ. ಅಂತಹ ಮಾತು ಹುಟ್ಟುವುದು ದೊಡ್ಡ ಮನಸ್ಸಿನಲ್ಲಿಯೇ ಎಂದೂ ಅವನು ಹೇಳಿದ್ದಾನೆ. 1674ರಲ್ಲಿ ಬ್ವಾಲೋ ಎಂಬ ಫ್ರೆಂಚ್ ಕವಿಯು ಈ ಗ್ರಂಥವನ್ನು ತನ್ನ ಭಾಷೆಗೆ ತಂದಮೇಲೆ ಯೂರೋಪಿನ ವಿದ್ಯಾವಂತರೆಲ್ಲರ ನಾಲಗೆಯ ಮೇಲೂ ಈ ವಿಷಯ ನಲಿದಾಡಿತು. ಅವರು ಬಳಸಿದ ಮಾತು ಎತ್ತರಕ್ಕೆ ಏರಿದ್ದು ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಅದೇ ಪದಕ್ಕೆ ರಸಾಯನಶಾಸ್ತ್ರದಲ್ಲಿ ಬೇರೊಂದು ಬಾಳುಂಟು. ಕರ್ಪೂರವು ಕರಗಿ ನೀರಾಗದೆ ನೇರವಾಗಿ ಆವಿಯಾಗಿ ಮೇಲೇಳುವುದನ್ನು ಅವರು ಆ ಪದದಿಂದಲೇ ಕರೆಯುತ್ತಾರೆ.

ಮಾತಿನ ಗುಣವಾಗಿದ್ದದ್ದನ್ನು ಬೆಟ್ಟ ಕಡಲುಗಳಿಗೆ ಸ್ಥಿರವಾಗಿ ಹೊಂದಿಸಿ, ಅದಕ್ಕೆ ಕಾರಣವನ್ನು ಹುಡುಕಿದವರಲ್ಲಿ ಎಡ್ಮಂಡ್ ಬರ್ಕ್ ಮುಖ್ಯನಾದವನು. 1757ರಲ್ಲಿ ಅವನ ಗ್ರಂಥ ಪ್ರಕಟವಾದಾಗ ಅವನಿಗೆ ಇನ್ನೂ ಮೂವತ್ತು ವರ್ಷ ದಾಟಿರಲಿಲ್ಲ. ಸುಂದರವಾದದ್ದು ಚಿಕ್ಕದು, ನುಣುಪಾದದ್ದು, ಸುಕುಮಾರವಾದದ್ದು. ಅದು ಪ್ರೀತಿಯನ್ನು ಹುಟ್ಟಿಸುತ್ತದೆ. ಇನ್ನೊಂದು ವಿಸ್ತಾರವಾದದ್ದು, ಒರಟಾದದ್ದು, ಮಸುಕಾದದ್ದು, ಬಲಿಷ್ಠವಾದದ್ದು; ಅದರ ಮೂಲದಲ್ಲಿರುವುದು ಭಯ. ಆದರೆ ಆ ಭಯವು ಮೈಮೇಲೆ ಬೀಳದಷ್ಟು ದೂರದಲ್ಲಿರಬೇಕು. ಆಗ ಮಾತ್ರ ಅದು ಒಂದು ಬಗೆಯ ಹರ್ಷವಾಗಿ ಪರಿಣಮಿಸುವುದು. ಇದು ಬರ್ಕನ ಸಿದ್ಧಾಂತ. ಕೊಳ್ಳದ ಅಂಚಿನಲ್ಲಿ ಕಂಬಿಯನ್ನು ಹಿಡಿದು ನಿಂತವನಿಗೆ ಜೋಗವು ಆನಂದ. ಕಾಲು ಜಾರಿದವನಿಗೆ ಆ ಆನಂದದ ಚರ್ಚೆಗೆ ಬಿಡುವಿಲ್ಲ.

ಜರ್ಮನಿಯ ತತ್ತ್ವಜ್ಞಾನಿ ಕ್ಯಾಂಟ್ 1790ರಲ್ಲಿ ಈ ವಿಚಾರವನ್ನು ಇನ್ನೂ ಒಳಕ್ಕೆ ಒಯ್ದನು. ಅವನು ಎರಡು ಬಗೆಗಳನ್ನು ಹೇಳುತ್ತಾನೆ. ಒಂದು ಪರಿಮಾಣಕ್ಕೆ ಸಂಬಂಧಿಸಿದ್ದು. ಅಲ್ಲಿ ನಮ್ಮ ಕಲ್ಪನೆಯು ಅಳೆಯಲು ಹೊರಟು, ಅಳೆದಷ್ಟೂ ಉಳಿದು, ಸೋತು ಕೂರುವುದು. ಇನ್ನೊಂದು ಬಲಕ್ಕೆ ಸಂಬಂಧಿಸಿದ್ದು. ಅಲ್ಲಿ ಬಿರುಗಾಳಿಯ ಕಡಲಿನ ಮುಂದೆ ನಮ್ಮ ದೇಹಬಲವು ಏನೂ ಅಲ್ಲವೆಂದು ತಿಳಿಯುವುದು. ಎರಡರಲ್ಲಿಯೂ ಮೊದಲು ಕುಗ್ಗುತ್ತೇವೆ. ಆದರೆ ಆ ಕುಗ್ಗುವಿಕೆಯಲ್ಲಿಯೇ, ಅಳತೆಗೆ ಸಿಕ್ಕದುದನ್ನು ಭಾವಿಸಬಲ್ಲ, ಬಲಕ್ಕೆ ಮಣಿಯದೆ ನಿಲ್ಲಬಲ್ಲ ಒಂದು ಶಕ್ತಿಯು ನಮ್ಮೊಳಗೆ ಇರುವುದು ಬೆಳಕಿಗೆ ಬರುತ್ತದೆ. ಆದುದರಿಂದ ಈ ಮಹತ್ತು ನಿಜವಾಗಿ ಇರುವುದು ನೋಡುವವನ ಮನಸ್ಸಿನಲ್ಲಿ. ಕಡಲಿಗೂ ಬೆಟ್ಟಕ್ಕೂ ನಾವು ಆ ಹೆಸರನ್ನು ಎರವಲಾಗಿ ಕೊಡುತ್ತೇವೆ ಎಂಬುದು ಕ್ಯಾಂಟನ ನಿರ್ಣಯ. ಅವನು ಒಂದು ಸ್ವಾರಸ್ಯವಾದ ನಿದರ್ಶನವನ್ನೂ ಕೊಟ್ಟಿದ್ದಾನೆ. ಆಲ್ಪ್ಸ್ ಪರ್ವತದ ಸವಾಯ್ ಪ್ರಾಂತದ ರೈತನೊಬ್ಬನು, ತಿಳಿವಳಿಕೆಯುಳ್ಳವನೇ, ಹಿಮದ ಶಿಖರಗಳನ್ನು ನೋಡಲೆಂದು ಬರುವವರೆಲ್ಲರೂ ಮೂರ್ಖರೆಂದನಂತೆ. ಅವನಿಗೆ ಅಲ್ಲಿ ಕಾಣುತ್ತಿದ್ದದ್ದು ಕಷ್ಟ ಮತ್ತು ಅಪಾಯ ಮಾತ್ರ. ಬೆಟ್ಟವು ಇದ್ದರೆ ಸಾಲದು, ನೋಡುವ ಮನಸ್ಸು ಅದಕ್ಕೆ ಸಿದ್ಧವಾಗಿರಬೇಕು ಎಂಬುದಕ್ಕಾಗಿ ಕ್ಯಾಂಟ್ ಈ ಕಥೆಯನ್ನು ಹೇಳುತ್ತಾನೆ. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ; ಮುಂದೆ ಇದರಿಂದ ಪ್ರಯೋಜನವುಂಟು.

ಇಷ್ಟನ್ನು ಕೇಳಿದವರು, ನಮ್ಮ ದೇಶದಲ್ಲಿ ಈ ಅನುಭವವೇ ಇರಲಿಲ್ಲವೆ ಎಂದು ಕೇಳಬಹುದು. ಅನುಭವಕ್ಕೇನೂ ಕೊರತೆಯಿರಲಿಲ್ಲ. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಜುನನು ತಾನಾಗಿಯೇ ಬೇಡಿ ವಿಶ್ವರೂಪವನ್ನು ನೋಡುತ್ತಾನೆ; ವಿಸ್ಮಯದಿಂದ ಅವನ ರೋಮಗಳು ನಿಮಿರುತ್ತವೆ; ಸ್ವಲ್ಪ ಹೊತ್ತಿಗೆ ಭಯದಿಂದ ನಡುಗಿ, ಹಿಂದಿನ ಸೌಮ್ಯರೂಪವನ್ನೇ ತೋರಿಸೆಂದು ಬೇಡುತ್ತಾನೆ. ಬರ್ಕನಿಗೆ ಈ ಅಧ್ಯಾಯಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುತ್ತಿರಲಿಲ್ಲ. ಆದರೆ ನಮ್ಮ ಶಾಸ್ತ್ರಕಾರರು ಈ ಅನುಭವವನ್ನು ಒಂದೇ ಮಾತಿನಲ್ಲಿ ಕಟ್ಟಿಡದೆ ಹಂಚಿದರು. ವಿಸ್ಮಯವು ಅದ್ಭುತರಸಕ್ಕೆ ಹೋಯಿತು. ಭಯವು ಭಯಾನಕಕ್ಕೆ, ಉತ್ಸಾಹವು ವೀರಕ್ಕೆ. ಇಂಗ್ಲಿಷ್ ಓದಿದ ಪಂಡಿತರು ಇವೆಲ್ಲವನ್ನೂ ಒಂದುಗೂಡಿಸುವ ಮಾತನ್ನು ಅರಸುವ ಕಾಲ ಬಂದಾಗ, ಹಿಂದಿಯವರೂ ಮರಾಠಿಯವರೂ ಬಹುಮಟ್ಟಿಗೆ ‘ಉದಾತ್ತ’ವೆಂಬುದನ್ನು ಹಿಡಿದರು. ಅದು ಲಕ್ಷಣವಾದ ಆಯ್ಕೆಯೆಂದು ಒಪ್ಪಬೇಕು. ವೇದದ ಸ್ವರಗಳಲ್ಲಿ ಎತ್ತರಿಸಿ ಹೇಳುವುದು ಉದಾತ್ತ. ನಾಯಕರಲ್ಲಿ ಶ್ರೇಷ್ಠನಾದವನು ಧೀರೋದಾತ್ತ. ಮಹತ್ತಾದ ಸಮೃದ್ಧಿಯನ್ನು ವರ್ಣಿಸುವ ಅಲಂಕಾರಕ್ಕೂ ಉದಾತ್ತವೆಂದೇ ಹೆಸರು. ಗ್ರೀಕರ ‘ಎತ್ತರ’ಕ್ಕೆ ಇದು ಸರಿಯಾದ ಜೋಡಿ. ಕನ್ನಡದಲ್ಲಿ ಉದಾತ್ತವು ಗುಣಶೀಲಗಳಿಗೆ ಮೀಸಲಾಗಿ ನಿಂತಿತು. ಕಂಡು ಬೆರಗಾಗುವುದಕ್ಕೆ ‘ಭವ್ಯ’ವು ಬಂದು ಕುಳಿತಿತು. ಇದರಲ್ಲಿ ಎತ್ತರದ ಸುಳಿವೇ ಇಲ್ಲ. ಹಾಗಾದರೆ ಇದು ಬಂದದ್ದು ಎಲ್ಲಿಂದ?

ಈಗ ನಮ್ಮ ತಪ್ಪಿನ ಕಥೆಗೆ ಬರೋಣ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ಬೆಟ್ಟ ಹತ್ತುವುದಕ್ಕೆ ಮುಂಚೆ ಊರೊಳಗಿನ ಭಂಡಾರಿ ಬಸದಿಯನ್ನು ನೋಡಿದೆವು. ಹೊಯ್ಸಳರ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ ಈ ಬಸದಿಯಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಮೂರ್ತಿಗಳು ಸಾಲಾಗಿ ನಿಂತಿವೆ. ಮೊದಲನೆಯ ನರಸಿಂಹನು ಇಲ್ಲಿಗೆ ಬಂದಾಗ, ಹುಳ್ಳನ ‘ಸಮ್ಯಕ್ತ್ವಚೂಡಾಮಣಿ’ ಎಂಬ ಬಿರುದಿಗೆ ಹೊಂದುವಂತೆ ಬಸದಿಗೆ ‘ಭವ್ಯಚೂಡಾಮಣಿ’ ಎಂದು ಹೆಸರಿಟ್ಟನೆಂದು ಶಾಸನದಿಂದ ತಿಳಿಯುತ್ತದೆ. ಒಬ್ಬ ವಿದ್ಯಾರ್ಥಿನಿಯು ಆ ಹೆಸರಿನ ಅರ್ಥವನ್ನು ಕೇಳಿದಳು. ಅಧ್ಯಾಪಕರಿಗೆ ಸಹಜವಾದ ಧೈರ್ಯದಿಂದ ನಾವು, “ಭವ್ಯವಾದ ಚೂಡಾಮಣಿ, ಎಂದರೆ ಬಹು ವೈಭವದ ಕಟ್ಟಡ” ಎಂದು ಬಿಡಿಸಿ ಹೇಳಿದೆವು. ಪೂಜೆ ಮುಗಿಸಿ ಕಂಬದ ಬಳಿ ಕುಳಿತಿದ್ದ ವೃದ್ಧರೊಬ್ಬರು ಇದನ್ನು ಕೇಳಿ ನಕ್ಕು, “ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಇಲ್ಲಿ ಭವ್ಯ ಅಂದರೆ ಕಟ್ಟಡವಲ್ಲ. ಬಸದಿಗೆ ಬರುವ ಮನುಷ್ಯ ಭವ್ಯ” ಎಂದರು. ವಿದ್ಯಾರ್ಥಿಗಳ ಎದುರಿಗೆ ತಿದ್ದಿಸಿಕೊಂಡ ನಾಚಿಕೆ ಒಂದು ಕಡೆ. ಇಷ್ಟು ವರ್ಷ ಹಲಗೆಯ ಮೇಲೆ ಬರೆದ ಮಾತಿನ ಅರ್ಥ ನಮಗೇ ತಿಳಿದಿರಲಿಲ್ಲವೆಂಬ ಕಳವಳ ಇನ್ನೊಂದು ಕಡೆ. ಊರಿಗೆ ಹಿಂದಿರುಗಿ ಗ್ರಂಥಗಳನ್ನು ತೆಗೆದು ನೋಡಿದೆವು. ಕಂಡದ್ದು ಇಷ್ಟು.

ಭವ್ಯವು ‘ಭೂ’ ಎಂಬ ಧಾತುವಿನಿಂದ ಹುಟ್ಟಿದ ಮಾತು. ಆಗು, ಇರು ಎಂಬುದು ಆ ಧಾತುವಿನ ಅರ್ಥ. ಭವ, ಭಾವ, ಭೂತ, ಭವಿಷ್ಯ ಎಂಬುವೆಲ್ಲ ಇದರ ಒಡಹುಟ್ಟುಗಳು. ಆಗಬೇಕಾದದ್ದು, ಆಗತಕ್ಕದ್ದು, ಮುಂದೆ ಬರುವುದು ಎಂಬುದು ಭವ್ಯದ ಮೊದಲನೆಯ ಅರ್ಥ. ಆದುದರಿಂದ ಸಂಸ್ಕೃತದಲ್ಲಿ ಭವಿಷ್ಯತ್ಕಾಲಕ್ಕೂ ಭವ್ಯವೆನ್ನುವುದುಂಟು. ಆಗತಕ್ಕದ್ದು ಎಂಬುದರಿಂದ ತಕ್ಕದ್ದು, ಯೋಗ್ಯವಾದದ್ದು ಎಂಬ ಅರ್ಥವು ಹೊರಟಿತು. ಯೋಗ್ಯವಾದದ್ದು ಒಳ್ಳೆಯದೂ ಆಯಿತು. ಅಮರಕೋಶವು ಭವ್ಯವನ್ನು ಶುಭ, ಮಂಗಳ, ಕಲ್ಯಾಣ, ಕ್ಷೇಮಗಳ ಪಂಕ್ತಿಯಲ್ಲಿ ಕೂರಿಸಿದೆ. ಮಂಗಳವಾದದ್ದು ನೋಟಕ್ಕೆ ಚೆಲುವಾದದ್ದೂ ಆಗುವುದು ಸಹಜವಷ್ಟೆ. ಹೀಗೆ ಕಾಲದಿಂದ ಯೋಗ್ಯತೆಗೆ, ಯೋಗ್ಯತೆಯಿಂದ ಮಂಗಳಕ್ಕೆ, ಮಂಗಳದಿಂದ ಚೆಲುವಿಗೆ ಮಾತು ನಡೆದುಬಂದಿದೆ. ನಡುದಾರಿಯಲ್ಲಿ ಕವಲುಗಳೂ ಉಂಟು. ಬಂಗಾಳಿಯಲ್ಲಿ ಸಭ್ಯನ ಜೊತೆಗೆ ಭವ್ಯನನ್ನೂ ಸೇರಿಸಿ ಹೇಳುತ್ತಾರೆ. ಅಲ್ಲಿ ಅದರ ಅರ್ಥ ನಯವಿನಯಗಳುಳ್ಳವನು ಎಂದು. ವೈದ್ಯರ ನಿಘಂಟುಗಳಲ್ಲಿ ಭವ್ಯವು ಒಂದು ಹುಳಿಹಣ್ಣಿನ ಹೆಸರು; ಬಂಗಾಳದವರು ಚಾಲ್ತಾ ಎಂದು ಕರೆದು ಉಪ್ಪಿನಕಾಯಿ ಹಾಕುವ ಹಣ್ಣೇ ಅದೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ನಮ್ಮ ಅಂಗಡಿಯವರು ಉಪ್ಪಿನಕಾಯಿಯನ್ನೂ ಭವ್ಯವೆಂದರೆ ಅದೊಂದನ್ನು ಮಾತ್ರ ನಾವು ಆಕ್ಷೇಪಿಸಲಾರೆವು.

ಇವೆಲ್ಲಕ್ಕಿಂತಲೂ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಪಾಣಿನಿಯ ಒಂದು ಸಣ್ಣ ವಿಧಿ. ‘ತಕ್ಕದ್ದು’ ಎಂಬರ್ಥದ ಪ್ರತ್ಯಯವು ಸೇರಿದಾಗ ಮಾತು ಸಾಮಾನ್ಯವಾಗಿ ಮಾಡಲ್ಪಡುವುದನ್ನು ಹೇಳುತ್ತದೆಯೇ ಹೊರತು ಮಾಡುವವನನ್ನು ಹೇಳುವುದಿಲ್ಲ. ಪೇಯವೆಂದರೆ ಕುಡಿಯತಕ್ಕದ್ದು, ಕುಡಿಯುವವನಲ್ಲ. ಆದರೆ ಏಳು ಮಾತುಗಳಿಗೆ ಪಾಣಿನಿಯು ವಿನಾಯಿತಿ ಕೊಟ್ಟಿದ್ದಾನೆ. ಅವು ಇಷ್ಟವಿದ್ದರೆ ಕರ್ತೃವನ್ನೂ ಹೇಳಬಹುದು. ಅವುಗಳಲ್ಲಿ ಗೇಯವೆಂಬುದು ಒಂದು: ಹಾಡತಕ್ಕ ಸಾಮವೂ ಗೇಯ, ಅದನ್ನು ಹಾಡುವ ಹುಡುಗನೂ ಗೇಯ. ಆ ಏಳರಲ್ಲಿ ಮೊದಲನೆಯದೇ ಭವ್ಯ. ಆಗತಕ್ಕದ್ದೂ ಭವ್ಯ, ಆಗುವವನೂ ಭವ್ಯ. ಒಂದೇ ಮಾತು ಎರಡು ಕಡೆಗೂ ಮುಖಮಾಡಿ ನಿಲ್ಲಬಹುದೆಂದು ವ್ಯಾಕರಣವೇ ಅಪ್ಪಣೆ ಕೊಟ್ಟಿದೆ.

ಈ ಎರಡನೆಯ ಮುಖವನ್ನು ಹಿಡಿದವರು ಜೈನರು. ಅವರ ಶಾಸ್ತ್ರದಲ್ಲಿ ಮೋಕ್ಷವನ್ನು ಪಡೆಯುವ ಯೋಗ್ಯತೆಯು ಸ್ವಭಾವದಿಂದಲೇ ಉಳ್ಳ ಜೀವನು ಭವ್ಯ, ಇಲ್ಲದವನು ಅಭವ್ಯ. ಎಷ್ಟು ಬೇಯಿಸಿದರೂ ಬೇಯದೆ ಕಲ್ಲಾಗಿಯೇ ಉಳಿಯುವ ಹೆಸರುಕಾಳನ್ನು ಅಭವ್ಯನಿಗೆ ಹೋಲಿಕೆಯಾಗಿ ಹೇಳುವುದುಂಟು. ಹತ್ತನೆಯ ಶತಮಾನದಲ್ಲಿ ನೇಮಿಚಂದ್ರಾಚಾರ್ಯರು ರಚಿಸಿದ ಗೊಮ್ಮಟಸಾರದಲ್ಲಿ ಭವ್ಯನಿಗೆ ಚಿನ್ನದ ಅದುರಿನ ಉಪಮಾನವಿದೆ. ಅದುರಿನಲ್ಲಿ ಚಿನ್ನವಿರುವುದು ಸತ್ಯ. ಆದರೆ ಅದು ಕಲ್ಮಷವನ್ನು ಕಳೆದುಕೊಂಡು ಹೊರಕ್ಕೆ ಬಂದೇ ತೀರುವುದೆಂಬ ನಿಯಮವಿಲ್ಲ. ಯೋಗ್ಯತೆಯಿದ್ದವನೂ ಕೊನೆಯವರೆಗೆ ಅದುರಾಗಿಯೇ ಉಳಿಯಬಹುದು. ನಮ್ಮ ಹಳೆಗನ್ನಡದ ಜೈನಕವಿಗಳ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಭವ್ಯರು ಎಂಬ ಮಾತು ಬಂದಲ್ಲಿ, ಸಾಮಾನ್ಯವಾಗಿ ಅದು ಶ್ರದ್ಧೆಯಿಂದ ಧರ್ಮವನ್ನು ಕೇಳಲು ಬಂದ ಈ ಜನರನ್ನೇ ಕುರಿತದ್ದು. ಭವ್ಯಚೂಡಾಮಣಿಯೆಂದರೆ ಅಂತಹ ಜನರ ಮುಡಿಯ ರತ್ನ. ಬಸದಿಯ ವೃದ್ಧರು ನಕ್ಕದ್ದು ನ್ಯಾಯವಾಗಿಯೇ ಇದೆ.

ಗೊಮ್ಮಟಸಾರವನ್ನು ಬರೆದ ನೇಮಿಚಂದ್ರರು ಚಾವುಂಡರಾಯನಿಗೆ ಗುರುಗಳು. ಗಂಗರ ಮಂತ್ರಿಯಾಗಿದ್ದ ಆ ಚಾವುಂಡರಾಯನೇ ಬಸದಿಯ ಎದುರಿನ ದೊಡ್ಡಬೆಟ್ಟದ ನೆತ್ತಿಯಲ್ಲಿ, 981ರ ಸುಮಾರಿನಲ್ಲಿ, ಬಾಹುಬಲಿಯ ಮೂರ್ತಿಯನ್ನು ಮಾಡಿಸಿದವನು. ಭವ್ಯನೆಂಬ ಜೀವನನ್ನು ಶಾಸ್ತ್ರದಲ್ಲಿ ವಿವರಿಸಿದವರ ಶಿಷ್ಯನು, ಇಂದು ಕನ್ನಡಿಗರು ಭವ್ಯವೆನ್ನುವ ವಸ್ತುಗಳಲ್ಲಿ ಮೊದಲನೆಯದನ್ನು ಕಡೆಯಿಸಿದನು. ಆದುದರಿಂದ ಮಾತಿನ ಎರಡು ಮುಖಗಳನ್ನು ಒಟ್ಟಿಗೆ ನೋಡಲು ಆ ಬೆಟ್ಟಕ್ಕಿಂತ ತಕ್ಕ ಸ್ಥಳವಿಲ್ಲ.

ಅಂದು ನಾವು ಬಸದಿಯಿಂದ ಹೊರಟು ಬೆಟ್ಟ ಹತ್ತಿದೆವು. ಆರುನೂರಕ್ಕಿಂತ ಹೆಚ್ಚು ಮೆಟ್ಟಲುಗಳು, ಬರಿಗಾಲು, ಕಾದ ಬಂಡೆ. ಕೆಳಗಿನಿಂದ ನೋಡಿದರೆ ಮೂರ್ತಿಯ ಮೇಲ್ಭಾಗವೊಂದೇ ಪ್ರಾಕಾರದ ಗೋಡೆಯ ಮೇಲೆ ಚಿಕ್ಕದಾಗಿ ಕಾಣುತ್ತದೆ. ಹತ್ತುತ್ತಾ ಹೋದಂತೆ ಅದೂ ಮರೆಯಾಗಿ, ಬಾಗಿಲು ಗೋಡೆಗಳೇ ಕಾಣುತ್ತವೆ. ಕೊನೆಯ ಬಾಗಿಲನ್ನು ದಾಟಿದ ಕೂಡಲೇ ಸುಮಾರು 57 ಅಡಿಗಳ ಒಂದೇ ಕಲ್ಲು ಮನುಷ್ಯರೂಪವಾಗಿ ಎದುರಿಗೆ ನಿಲ್ಲುತ್ತದೆ. ಪಿರಮಿಡ್ಡುಗಳನ್ನು ತೀರ ದೂರದಿಂದಲೂ ನೋಡಬಾರದು, ತೀರ ಹತ್ತಿರದಿಂದಲೂ ನೋಡಬಾರದು ಎಂದು ಕ್ಯಾಂಟ್ ಒಬ್ಬ ಪ್ರವಾಸಿಯ ಮಾತನ್ನು ಎತ್ತಿ ಹೇಳಿದ್ದಾನೆ. ಇಲ್ಲಿ ಆ ದೂರವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೇ ನಮಗಿಲ್ಲ. ಆ ಅಂಗಳವೇ ಅದನ್ನು ಗೊತ್ತುಮಾಡಿಬಿಟ್ಟಿದೆ. ಪಾದದ ಬೆರಳಿನಿಂದ ತೊಡಗಿದ ಕಣ್ಣು, ಕಾಲನ್ನು ಹತ್ತಿದ ಬಳ್ಳಿಯೊಡನೆ ತಾನೂ ಹತ್ತಿ, ತೋಳಿಗೆ ಬಂದು, ಮುಖಕ್ಕೆ ತಲಪುವ ಹೊತ್ತಿಗೆ ಕುತ್ತಿಗೆ ಪೂರ್ತಿ ಹಿಂದಕ್ಕೆ ಬಾಗಿರುತ್ತದೆ. ಅಲ್ಲಿ ಬರ್ಕ್ ನಿರೀಕ್ಷಿಸಿದ ಭಯವಿಲ್ಲ. ಇಷ್ಟು ದೊಡ್ಡ ಮೈಯ ಮೇಲಿರುವ ಮುಖ ಶಾಂತವಾಗಿದೆ. ತುಟಿಯಲ್ಲಿ ಕಂಡೂ ಕಾಣದ ನಗೆಯಿದೆ. ಗೆದ್ದ ರಾಜ್ಯವನ್ನು ಬಿಟ್ಟುಬಂದವನ ಮುಖ ಅದು.

ಈ ಮೂರ್ತಿಯ ಮುಂದೆ ನಿಂತು ಯೋಚನೆಮಾಡಿದವರಲ್ಲಿ ನಾವು ಮೊದಲಿಗರಲ್ಲ. ಸುಮಾರು 1180ರಲ್ಲಿ ಬೊಪ್ಪಣ ಪಂಡಿತನೆಂಬ ಕವಿಯು ರಚಿಸಿದ ಕನ್ನಡ ಶಾಸನಕಾವ್ಯವೊಂದು ಅಲ್ಲಿಯೇ ಬಾಗಿಲ ಬಳಿ ನಿಂತಿದೆ. ಅದರ ಪ್ರಸಿದ್ಧವಾದ ಪದ್ಯವೊಂದರ ತಾತ್ಪರ್ಯವಿದು: ಮೂರ್ತಿಯು ಬಹಳ ಎತ್ತರವಾದರೆ ಅದರಲ್ಲಿ ಸೌಂದರ್ಯವಿರದೆ ಹೋಗಬಹುದು; ಎತ್ತರವೂ ಸೌಂದರ್ಯವೂ ಎರಡೂ ಇದ್ದರೆ ಅತಿಶಯವಿರದೆ ಹೋಗಬಹುದು; ಮೂರೂ ಕೂಡಿ ಬಂದದ್ದು ಇಲ್ಲಿ. ಬರ್ಕನಿಗಿಂತ ಸುಮಾರು ಐನೂರ ಎಪ್ಪತ್ತು ವರ್ಷ ಹಿಂದೆ, ಎತ್ತರ ಬೇರೆ, ಸೌಂದರ್ಯ ಬೇರೆ, ಇವೆರಡನ್ನೂ ಮೀರಿದ್ದು ಇನ್ನೊಂದು ಬೇರೆ ಎಂದು ಕನ್ನಡದ ಕವಿಯು ಕಲ್ಲಿನಲ್ಲಿ ಬರೆಯಿಸಿದ್ದನು. ಆ ಮೂರನೆಯದನ್ನು ಅವನು ಭವ್ಯವೆಂದು ಕರೆಯಲಿಲ್ಲ, ಅತಿಶಯವೆಂದು ಕರೆದನು. ಅಂದಿನ ಬೆಳಗೊಳದಲ್ಲಿ ಮೂರ್ತಿಗೆ ಅತಿಶಯವೂ ಬಂದು ನೋಡುವವನಿಗೆ ಭವ್ಯತೆಯೂ ಹಂಚಿಕೆಯಾಗಿದ್ದವು. ನಾವು ಮಾತ್ರ ಮೂರ್ತಿಗೇ ಭವ್ಯವೆಂಬುದನ್ನು ಕೊಟ್ಟುಬಿಟ್ಟು, ನೋಡುವವನ ಪಾಲಿಗೆ ಏನನ್ನೂ ಉಳಿಸಲಿಲ್ಲ.

ಇಲ್ಲಿ ಕ್ಯಾಂಟನ ಮಾತನ್ನು ಜ್ಞಾಪಿಸಿಕೊಳ್ಳಬೇಕು. ಮಹತ್ತು ವಸ್ತುವಿನಲ್ಲಿಲ್ಲ, ನೋಡುವ ಮನಸ್ಸಿನಲ್ಲಿದೆ. ಅದಕ್ಕೆ ಸಿದ್ಧತೆ ಬೇಕು. ಸಿದ್ಧತೆಗೆ ಬೇಕಾದ ಬೀಜವಾದರೋ ಮನುಷ್ಯಸ್ವಭಾವದಲ್ಲಿಯೇ ಇದೆ ಎಂದು ಅವನು ಬಹು ಶ್ರಮಪಟ್ಟು ಪ್ರತಿಪಾದಿಸಿದನು. ಆ ಸ್ವಭಾವಸಿದ್ಧವಾದ ಯೋಗ್ಯತೆಗೆ ನಮ್ಮ ಹಳಬರಲ್ಲಿ ಸಿದ್ಧವಾದ ಹೆಸರೇ ಇತ್ತು. ಇವೆರಡೂ ಒಂದೇ ಎಂದು ನಾವು ಸಾಧಿಸಹೊರಟಿಲ್ಲ. ಜೈನರ ಭವ್ಯನಿಗೆ ಗುರಿಯು ಮೋಕ್ಷ. ಅವನ ದಾರಿ ಜನ್ಮಜನ್ಮಾಂತರಗಳದು. ಕ್ಯಾಂಟ್ ಹೇಳುವುದು ಬಿರುಗಾಳಿಯ ಮುಂದೆ ನಿಂತ ಕೆಲವು ನಿಮಿಷಗಳ ಅನುಭವವನ್ನು. ಆಚಾರ್ಯರ ಶಾಸ್ತ್ರವನ್ನು ಸೌಂದರ್ಯಮೀಮಾಂಸೆಯ ಉಪಯೋಗಕ್ಕೆಂದು ತಗ್ಗಿಸುವುದು ಉಚಿತವಲ್ಲ. ಆದರೆ ಒಂದಂಶದಲ್ಲಿ ಇಬ್ಬರೂ ಒಂದೇ ಕಡೆಗೆ ಬೆರಳು ತೋರಿಸುತ್ತಾರೆ: ದೊಡ್ಡದರ ಮುಂದೆ ನಿಂತಾಗ ವಿಚಾರಿಸಬೇಕಾದದ್ದು ನಿಂತವನನ್ನು. ಅವನು ಇನ್ನೂ ಏನಾಗಬಲ್ಲನು? ‘ಆಗು’ ಎಂಬ ಧಾತುವು ಭವ್ಯದೊಳಗೆ ಇಂದಿಗೂ ಕೇಳುತ್ತಿರುವ ಪ್ರಶ್ನೆ ಇದೇ.

ಇದು ಪಂಡಿತರ ಕುತೂಹಲ ಮಾತ್ರವೆಂದು ಶ್ರೋತೃಗಳು ತಿಳಿಯಬಾರದು. ಭವ್ಯತೆಯೆಲ್ಲವೂ ವಸ್ತುವಿನಲ್ಲಿದೆ ಎಂದು ನಂಬಿದವನು ಅದನ್ನು ಗಾತ್ರದಿಂದಲೂ ವೆಚ್ಚದಿಂದಲೂ ಅಳೆಯತೊಡಗುತ್ತಾನೆ. ಹೆಚ್ಚು ದೊಡ್ಡದು ಹೆಚ್ಚು ಭವ್ಯ. ಹೆಚ್ಚು ದೀಪ ಹಾಕಿದ ಮಂಟಪ ಇನ್ನೂ ಭವ್ಯ. ಸೀರೆಯಂಗಡಿಯು ಹಿಮಾಲಯದ ಪಕ್ಕದಲ್ಲಿ ಬಂದು ನಿಂತದ್ದು ಈ ದಾರಿಯಿಂದಲೇ. ಅಂಥವನು ಜೋಗಕ್ಕೆ ಹೋದರೆ ನೀರನ್ನು ಅಳೆದು, ಸಾಲದೆಂದು ಹಿಂದಿರುಗುತ್ತಾನೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಮೇಲೆ ಶರಾವತಿಯ ನೀರು ವಿದ್ಯುತ್ತಿಗಾಗಿ ಮೇಲೆಯೇ ನಿಂತಿತು. ವರ್ಷದ ಬಹುಭಾಗ ಜಲಪಾತವು ಕೆಲವು ಬಿಳಿಯ ಎಳೆಗಳಾಗಿ ಇಳಿಯುತ್ತದೆ. ಆ ನೀರಿನಿಂದಲೇ ನಮ್ಮ ಮನೆಗಳಲ್ಲಿ ದೀಪ ಉರಿಯುವುದಾದ್ದರಿಂದ ದೂರಲು ನಮಗೆ ಮುಖವಿಲ್ಲ. ಆದರೆ ನೀರು ಕಡಮೆಯಾದಾಗ ಬಂಡೆ ಕಾಣುತ್ತದೆ. ಆ ಕೊಳ್ಳವನ್ನು ಎಷ್ಟು ಸಾವಿರ ಮಳೆಗಾಲಗಳು ಕೊರೆದಿರಬೇಕೆಂಬುದು ತುಂಬುಹೊಳೆಯಲ್ಲಿ ಹೊಳೆಯದ ವಿಚಾರ. ಬರಿದಾದ ಬಂಡೆಯ ಮುಂದೆ ಸುಮ್ಮನೆ ನಿಂತವನಿಗೆ ಅದು ಹೊಳೆಯಬಹುದು. ಆಗ ಅಲ್ಲಿ ಮಹತ್ತಿಗೆ ಏನೂ ಕೊರತೆಯಿಲ್ಲವೆಂದು ಅವನಿಗೆ ಕಂಡೀತು.

ಇನ್ನು ನಮ್ಮ ಸಲಹೆ ಬಹಳ ಚಿಕ್ಕದು. ಮದುವೆಯು ಸಡಗರದಿಂದ ನಡೆಯಲಿ, ಅದ್ದೂರಿಯಾಗಿ ನಡೆಯಲಿ. ಮೆರವಣಿಗೆಯು ವಿಜೃಂಭಣೆಯಿಂದ ಸಾಗಲಿ. ಅಂಗಡಿಯು ವೈಭವದಿಂದ ಬಾಗಿಲು ತೆರೆಯಲಿ. ಇವೆಲ್ಲ ಒಳ್ಳೆಯ ಕನ್ನಡದ ಮಾತುಗಳು. ಆ ಸಂದರ್ಭಗಳಿಗೆಂದೇ ಹುಟ್ಟಿದಂತಿವೆ. ಭವ್ಯವನ್ನು ಮಾತ್ರ, ಮೊದಲು ನಮ್ಮನ್ನು ಕುಗ್ಗಿಸಿ ಆಮೇಲೆ ನಮ್ಮಲ್ಲಿ ಇಲ್ಲವೆಂದುಕೊಂಡಿದ್ದ ಶಕ್ತಿಯೊಂದನ್ನು ಎಬ್ಬಿಸುವ ಸಂದರ್ಭಗಳಿಗೆ ಮೀಸಲಿಡೋಣ. ಅವು ವರ್ಷಕ್ಕೆ ಒಂದೆರಡು ಸಲ ಬಂದರೂ ಸಾಕು. ಮಾತು ಅಪರೂಪವಾದರೆ ಅದನ್ನು ಆಡುವ ಮುಂಚೆ ಒಂದು ಕ್ಷಣ ತಡೆಯುತ್ತೇವೆ. ಆ ತಡೆಯುವ ಕ್ಷಣದಲ್ಲಿ ಅನುಭವಕ್ಕೆ ಎಡೆ ದೊರೆಯುತ್ತದೆ.

ಈಗಲೂ ತರಗತಿಯಲ್ಲಿ ಆ ಇಂಗ್ಲಿಷ್ ಮಾತು ಬಂದಾಗ ನಾವು ಹಲಗೆಯ ಮೇಲೆ ಬರೆಯುವುದು ಭವ್ಯವೆಂದೇ. ಬೇರೆ ಮಾತನ್ನು ಹುಡುಕಿಲ್ಲ. ಬರೆದಾದಮೇಲೆ ಮುಂದಿನ ಪಂಕ್ತಿಗೆ ಓಡುವುದನ್ನು ಬಿಟ್ಟಿದ್ದೇವೆ. ಬೆಳಗೊಳದ ಬಸದಿಯ ಹೆಸರನ್ನು ಅದರ ಕೆಳಗೆ ಬರೆದು, ಇದರಲ್ಲಿ ಭವ್ಯರು ಯಾರೆಂದು ಕೇಳುತ್ತೇವೆ. ಕಟ್ಟಡವೆಂದು ಬಹುಮಂದಿ ಹೇಳುತ್ತಾರೆ. ಆಗ ನಮಗೆ ಆ ವೃದ್ಧರ ನಗು ನೆನಪಾಗುತ್ತದೆ. ಅವರಂತೆಯೇ, ನೋಯಿಸದೆ ತಿದ್ದಲು ಪ್ರಯತ್ನಿಸುತ್ತೇವೆ.